ದೂರದ ಗಣಕದ ಬಾಗಿಲು

ಶಿರಸಿ ತಾಲ್ಲೂಕಿನ ಸೋಂದೆಯು ಒಂದು ಕಾಲದಲ್ಲಿ ಅರಸುಮನೆತನವೊಂದರ ರಾಜಧಾನಿಯಾಗಿದ್ದಿತು. ಇಂದು ಅದು ಶಾಲ್ಮಲಾ ನದಿಯ ಸಮೀಪದಲ್ಲಿ, ಅಡಕೆಯ ತೋಟಗಳ ನಡುವೆ ಇರುವ ಹಳ್ಳಿ. ಅಲ್ಲಿಯ ಮನೆಯೊಂದರ ಜಗಲಿಯಲ್ಲಿ ಕುಳಿತ ಕಾಲೇಜು ವಿದ್ಯಾರ್ಥಿಯೊಬ್ಬನು ಬೆಂಗಳೂರಿನಲ್ಲಿರುವ ಗಣಕಯಂತ್ರವೊಂದರಿಂದ ಲೆಕ್ಕ ಮಾಡಿಸಬೇಕಾಗಿದೆಯೆಂದು ಭಾವಿಸೋಣ. ಇದರಲ್ಲಿ ಅಸಂಭವವಾದುದೇನೂ ಇಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ೨೦೨೨ರಲ್ಲಿ ಸ್ಥಾಪಿತವಾದ ‘ಪರಮ್ ಪ್ರವೇಗ’ ಎಂಬ ಮಹಾಗಣಕದ ಗರಿಷ್ಠ ವೇಗ ೩.೩ ಪೆಟಾಫ್ಲಾಪ್, ಎಂದರೆ ಸೆಕೆಂಡಿಗೆ ಮಾಡುವ ಗಣನೆಗಳ ಸಂಖ್ಯೆಯನ್ನು ಬರೆಯಲು ೩೩ರ ಮುಂದೆ ೧೪ ಸೊನ್ನೆಗಳನ್ನು ಹಾಕಬೇಕು. ಇಂತಹ ಯಂತ್ರವನ್ನು ಬಳಸುವವರು ಅದರ ಎದುರಿಗೆ ಹೋಗಿ ಕುಳಿತುಕೊಳ್ಳುವುದಿಲ್ಲ. ತಮ್ಮ ಮೇಜಿನ ಮೇಲಿರುವ ಗಣಕದಿಂದಲೇ ಅದರೊಳಕ್ಕೆ ಪ್ರವೇಶಿಸಿ, ಆಜ್ಞೆಗಳನ್ನು ಕೊಟ್ಟು, ಉತ್ತರಗಳನ್ನು ತರಿಸಿಕೊಳ್ಳುತ್ತಾರೆ. ರಿಮೋಟ್ ಲಾಗಿನ್ ಎಂದು ಹೆಸರಾದ ಈ ಕ್ರಿಯೆಯನ್ನು ನಾವಿಲ್ಲಿ ದೂರಪ್ರವೇಶವೆಂದು ಕರೆಯೋಣ.

ಸೋಂದೆಯಿಂದ ಹೊರಟ ಪ್ರತಿಯೊಂದು ಅಕ್ಷರವೂ ಬೆಂಗಳೂರನ್ನು ಸೇರುವ ಮೊದಲು ಅನೇಕ ಮಧ್ಯವರ್ತಿ ಯಂತ್ರಗಳನ್ನು ದಾಟಿಹೋಗುತ್ತದೆ. ಆದುದರಿಂದ ಮೂರು ಪ್ರಶ್ನೆಗಳು ಏಳುತ್ತವೆ. ದಾರಿಯಲ್ಲಿ ಯಾರಾದರೂ ಆ ಅಕ್ಷರಗಳನ್ನು ಓದಬಲ್ಲರೆ? ಉತ್ತರ ಕೊಡುತ್ತಿರುವುದು ನಿಜವಾಗಿಯೂ ಬೆಂಗಳೂರಿನ ಆ ಯಂತ್ರವೇ? ಬಾಗಿಲು ತಟ್ಟುತ್ತಿರುವವನು ನಿಜವಾಗಿಯೂ ನಮ್ಮ ವಿದ್ಯಾರ್ಥಿಯೇ? ಈ ಮೂರನ್ನೂ ಒಂದೇ ಎಂದು ಎಣಿಸುವುದರಿಂದ ಬಹಳ ಅನರ್ಥಗಳು ಸಂಭವಿಸಿವೆ. ಅವುಗಳನ್ನು ಬೇರೆಬೇರೆಯಾಗಿ ವಿಚಾರಿಸುವುದೇ ಈ ಪಾಠದ ಉದ್ದೇಶ.

ತೆರೆದ ಅಂಚೆಕಾರ್ಡು

೧೯೬೯ರಲ್ಲಿ ಅಮೆರಿಕೆಯಲ್ಲಿ ಅರ್ಪಾನೆಟ್ ಎಂಬ ಗಣಕಜಾಲವು ಆರಂಭವಾದಾಗಲೇ ‘ಟೆಲ್‌ನೆಟ್’ ಎಂಬ ದೂರಪ್ರವೇಶದ ಪದ್ಧತಿಯೂ ಹುಟ್ಟಿತು. ನಮ್ಮ ದೇಶದಲ್ಲಿ ೧೯೮೬ರಲ್ಲಿ ಎರ್ನೆಟ್ ಎಂಬ ವಿದ್ಯಾಸಂಸ್ಥೆಗಳ ಜಾಲವು ಪ್ರಾರಂಭವಾಯಿತು. ಬೆಂಗಳೂರಿನ ವಿಜ್ಞಾನ ಸಂಸ್ಥೆಯು ಅದರ ಮೊದಲ ಕೇಂದ್ರಗಳಲ್ಲೊಂದು. ಅಂದಿನ ಜಾಲಗಳಲ್ಲಿ ಬಳಕೆದಾರರು ಕೆಲವರೇ. ಬಹುಮಟ್ಟಿಗೆ ಪರಸ್ಪರ ಪರಿಚಿತರು. ಟೆಲ್‌ನೆಟ್ಟಿನಲ್ಲಿ ಬಳಕೆದಾರನ ಹೆಸರೂ ಪಾಸ್‌ವರ್ಡೂ ಇದ್ದಂತೆಯೇ ಸಾಗುತ್ತಿದ್ದುವು. ಅಂಚೆಕಾರ್ಡಿನ ಮೇಲೆ ಬರೆದ ಗುಟ್ಟನ್ನು ಅಂಚೆಯವನು ಓದಬಹುದಾದಂತೆ, ದಾರಿಯಲ್ಲಿದ್ದ ಯಾರೇ ಆಗಲಿ ಅವನ್ನು ಓದಬಹುದಾಗಿತ್ತು.

೧೯೯೫ರಲ್ಲಿ ಫಿನ್‌ಲೆಂಡಿನ ಹೆಲ್ಸಿಂಕಿ ತಾಂತ್ರಿಕ ವಿಶ್ವವಿದ್ಯಾನಿಲಯದ ಜಾಲದಲ್ಲಿ ಪಾಸ್‌ವರ್ಡುಗಳನ್ನು ಕದ್ದಾಲಿಸಿದ ಪ್ರಕರಣವೊಂದು ನಡೆಯಿತು. ಅಲ್ಲಿ ಸಂಶೋಧಕನಾಗಿದ್ದ ತಾತು ಉಲೋನೆನ್ ಎಂಬಾತನು ಅದರಿಂದ ಪ್ರೇರಿತನಾಗಿ ‘ಸೆಕ್ಯೂರ್ ಶೆಲ್’ ಎಂಬ ಹೊಸ ತಂತ್ರಾಂಶವನ್ನು ರಚಿಸಿ ಅದೇ ವರ್ಷ ಪ್ರಕಟಿಸಿದನು. ಎಸ್‌ಎಸ್‌ಎಚ್ ಎಂಬುದು ಅದರ ಸಂಕ್ಷಿಪ್ತನಾಮ. ಗಣಕವೊಂದರ ಬೇರೆಬೇರೆ ಸೇವೆಗಳಿಗೆ ಗೊತ್ತುಮಾಡಿರುವ ಸಂಖ್ಯೆಗಳಿಗೆ ಪೋರ್ಟ್ ಎಂದು ಹೆಸರು. ಟೆಲ್‌ನೆಟ್ಟಿನದು ೨೩; ಎಸ್‌ಎಸ್‌ಎಚ್‌ಗೆ ದೊರೆತದ್ದು ಅದರ ಪಕ್ಕದ ೨೨. ಇಂದು ಅತಿ ಹೆಚ್ಚು ಬಳಕೆಯಲ್ಲಿರುವ ‘ಓಪನ್ ಎಸ್‌ಎಸ್‌ಎಚ್’ ೧೯೯೯ರಲ್ಲಿ ಹೊರಬಂದಿತು.

ಬಹಿರಂಗದಲ್ಲಿ ಹುಟ್ಟುವ ಗುಟ್ಟು

ಮೊದಲನೆಯ ಪ್ರಶ್ನೆಗೆ ಬರೋಣ. ಮಾತನ್ನು ಗೂಢಲಿಪಿಗೆ ತಿರುಗಿಸಿದರೆ ದಾರಿಹೋಕರಿಗೆ ಅದು ಅರ್ಥವಾಗುವುದಿಲ್ಲ. ಆದರೆ ಗೂಢಲಿಪಿಗೆ ಇಬ್ಬರಿಗೂ ತಿಳಿದ ಕೀಲಿಸಂಖ್ಯೆಯೊಂದು ಬೇಕು. ಹಿಂದೆಂದೂ ಭೇಟಿಯಾಗದವರು ಎಲ್ಲರೂ ಕೇಳುತ್ತಿರುವ ತಂತಿಯ ಮೇಲೆಯೇ ಆ ಸಂಖ್ಯೆಯನ್ನು ಗೊತ್ತುಮಾಡಿಕೊಳ್ಳುವುದು ಹೇಗೆ? ೧೯೭೬ರಲ್ಲಿ ವಿಟ್‌ಫೀಲ್ಡ್ ಡಿಫೀ ಮತ್ತು ಮಾರ್ಟಿನ್ ಹೆಲ್‌ಮನ್ ಎಂಬ ಅಮೆರಿಕನ್ ವಿದ್ವಾಂಸರು ಇದಕ್ಕೊಂದು ಉಪಾಯವನ್ನು ಪ್ರಕಟಿಸಿದರು. ಭಾಗಾಕಾರದ ಶೇಷವನ್ನು ಬಲ್ಲವರೆಲ್ಲರೂ ಅದನ್ನು ತಿಳಿಯಬಹುದು.

೨೯ ಎಂಬ ಅವಿಭಾಜ್ಯ ಸಂಖ್ಯೆಯನ್ನೂ ೨ ಎಂಬ ಸಂಖ್ಯೆಯನ್ನೂ ಬಹಿರಂಗವಾಗಿಯೇ ಆರಿಸಿಕೊಳ್ಳೋಣ. ಸೋಂದೆಯ ಗಣಕವು ೭ ಎಂಬ ಸಂಖ್ಯೆಯನ್ನು ಮನಸ್ಸಿನಲ್ಲಿಟ್ಟುಕೊಳ್ಳಲಿ. ೨ರ ೭ನೆಯ ಘಾತ ೧೨೮. ೨೯ರಿಂದ ಭಾಗಿಸಿದರೆ ಶೇಷ ೧೨. ಈ ೧೨ನ್ನು ಅದು ಬೆಂಗಳೂರಿಗೆ ಕಳುಹಿಸುತ್ತದೆ. ಬೆಂಗಳೂರಿನ ಗಣಕವು ೧೧ನ್ನು ಮನಸ್ಸಿನಲ್ಲಿಟ್ಟುಕೊಳ್ಳಲಿ. ೨ರ ೧೧ನೆಯ ಘಾತ ೨೦೪೮, ಶೇಷ ೧೮. ಅದು ೧೮ನ್ನು ಸೋಂದೆಗೆ ಕಳುಹಿಸುತ್ತದೆ. ಈಗ ಸೋಂದೆಯು ತನಗೆ ಬಂದ ೧೮ನ್ನು ೭ನೆಯ ಘಾತಕ್ಕೆ ಏರಿಸಿ ಶೇಷವನ್ನು ತೆಗೆಯಲಿ: ಉತ್ತರ ೧೭. ಬೆಂಗಳೂರು ತನಗೆ ಬಂದ ೧೨ನ್ನು ೧೧ನೆಯ ಘಾತಕ್ಕೆ ಏರಿಸಿ ಶೇಷವನ್ನು ತೆಗೆಯಲಿ: ಉತ್ತರ ಮತ್ತೆ ೧೭! ಇಬ್ಬರೂ ಮಾಡಿದ್ದು ೨ನ್ನು ೭೭ನೆಯ ಘಾತಕ್ಕೆ ಏರಿಸುವ ಕೆಲಸವನ್ನೇ; ಕ್ರಮ ಮಾತ್ರ ಬೇರೆ. ಹೀಗೆ ೧೭ ಎಂಬ ಕೀಲಿ ತಂತಿಯ ಮೇಲೆ ಒಮ್ಮೆಯೂ ಸಾಗದೆ ಎರಡೂ ಕಡೆಗಳಲ್ಲಿ ಹುಟ್ಟಿತು.

ಕದ್ದು ಕೇಳುತ್ತಿದ್ದವನಿಗೆ ದೊರೆತದ್ದು ೨೯, ೨, ೧೨, ೧೮ ಎಂಬ ನಾಲ್ಕು ಸಂಖ್ಯೆಗಳು ಮಾತ್ರ. ಶೇಷದಿಂದ ಘಾತವನ್ನು ಕಂಡುಹಿಡಿಯಲು ಅವನು ಒಂದೊಂದಾಗಿ ಪರೀಕ್ಷಿಸಬೇಕು. ಇಲ್ಲಿ ಆ ಕೆಲಸ ಸುಲಭ. ಆದರೆ ೨೯ರ ಸ್ಥಾನದಲ್ಲಿ ಆರುನೂರಕ್ಕೂ ಹೆಚ್ಚು ಅಂಕೆಗಳುಳ್ಳ ಅವಿಭಾಜ್ಯ ಸಂಖ್ಯೆಯಿದ್ದರೆ, ನಮಗೆ ತಿಳಿದಿರುವ ಯಾವ ವಿಧಾನದಿಂದಲೂ ಇಂದಿನ ಗಣಕಗಳು ಅದನ್ನು ಸಾಧಿಸಲಾರವು. ಈಚೆಗೆ ವಕ್ರರೇಖೆಗಳ ಗಣಿತವನ್ನು ಅವಲಂಬಿಸಿದ ವಿಧಾನಗಳೂ, ಮುಂದೆ ಬರಬಹುದಾದ ಕ್ವಾಂಟಮ್ ಗಣಕಗಳನ್ನು ಎದುರಿಸಲೆಂದು ರಚಿತವಾದ ವಿಧಾನಗಳೂ ಬಳಕೆಗೆ ಬಂದಿವೆ. ತತ್ತ್ವ ಮಾತ್ರ ಒಂದೇ: ಮುಂದಕ್ಕೆ ಹೋಗಲು ಸುಲಭ, ಹಿಂದಕ್ಕೆ ಬರಲು ಕಠಿನ.

ಮುದ್ರೆಯ ಪರೀಕ್ಷೆ

ಇಷ್ಟರಿಂದ ಸಮಸ್ಯೆ ಮುಗಿಯಿತೆ? ಇಲ್ಲ. ದಾರಿಯ ನಡುವೆ ಕುಳಿತ ವಂಚಕನು ಸುಮ್ಮನೆ ಕೇಳದೆ ತಾನೇ ಮಾತನಾಡತೊಡಗಿದರೆ ಏನಾಗುತ್ತದೆ ನೋಡಿ. ಸೋಂದೆಯೊಡನೆ ‘ನಾನು ಬೆಂಗಳೂರು’ ಎಂದು ಒಂದು ಕೀಲಿಯನ್ನು ಹುಟ್ಟಿಸಿಕೊಳ್ಳುತ್ತಾನೆ. ಬೆಂಗಳೂರಿನೊಡನೆ ‘ನಾನು ಸೋಂದೆ’ ಎಂದು ಮತ್ತೊಂದನ್ನು. ಲೆಕ್ಕದಲ್ಲಿ ತಪ್ಪಿಲ್ಲ, ಗೂಢಲಿಪಿಯಲ್ಲಿ ಲೋಪವಿಲ್ಲ. ಆದರೂ ಎಲ್ಲವನ್ನೂ ಅವನು ಓದುತ್ತಿದ್ದಾನೆ. ಗುಟ್ಟಾಗಿ ಮಾತನಾಡುವುದು ಬೇರೆ, ಸರಿಯಾದವರೊಡನೆ ಮಾತನಾಡುವುದು ಬೇರೆ ಎಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಅರಮನೆಯಿಂದ ಬಂದ ಓಲೆಯನ್ನು ಮುದ್ರೆಯಿಂದ ಗುರುತಿಸುತ್ತಿದ್ದರಷ್ಟೆ. ಎಸ್‌ಎಸ್‌ಎಚ್ ಪದ್ಧತಿಯಲ್ಲಿಯೂ ಪ್ರತಿಯೊಂದು ಸರ್ವರಿಗೆ ಒಂದು ಮುದ್ರೆಯುಂಟು. ಅದು ಒಂದು ಜೋಡಿ ಕೀಲಿ: ಒಂದು ರಹಸ್ಯವಾದುದು, ಸರ್ವರನ್ನು ಬಿಟ್ಟು ಹೊರಗೆ ಹೋಗುವುದಿಲ್ಲ, ಇನ್ನೊಂದು ಎಲ್ಲರಿಗೂ ಕೊಡತಕ್ಕದ್ದು. ಸರ್ವರು ತನ್ನ ರಹಸ್ಯ ಕೀಲಿಯಿಂದ ಈಗತಾನೆ ನಡೆದ ವಿನಿಮಯಕ್ಕೆ ಸಹಿ ಹಾಕುತ್ತದೆ. ಬಹಿರಂಗ ಕೀಲಿಯಿಂದ ಆ ಸಹಿಯನ್ನು ಯಾರು ಬೇಕಾದರೂ ಪರೀಕ್ಷಿಸಬಹುದು. ನಡುವಣ ವಂಚಕನು ಈ ಸಹಿಯನ್ನು ಹಾಕಲಾರನು.

ಆದರೆ ಮುದ್ರೆಯನ್ನು ಮೊದಲೇ ಕಂಡಿರದವನಿಗೆ ಅಸಲಿ ಯಾವುದು, ನಕಲಿ ಯಾವುದು ಎಂದು ತಿಳಿಯುವುದು ಹೇಗೆ? ಆದುದರಿಂದಲೇ ಮೊದಲ ಸಲ ಪ್ರವೇಶಿಸುವಾಗ ತಂತ್ರಾಂಶವು ಆ ಕೀಲಿಯ ‘ಬೆರಳಚ್ಚನ್ನು’, ಎಂದರೆ ಕೀಲಿಯಿಂದ ಲೆಕ್ಕಹಾಕಿ ತೆಗೆದ ಅಕ್ಷರಗಳ ಚಿಕ್ಕ ಸಾಲೊಂದನ್ನು, ತೋರಿಸಿ ‘ಇದನ್ನು ನಂಬಬಹುದೆ?’ ಎಂದು ಕೇಳುತ್ತದೆ. ಬಹುಮಂದಿ ಓದದೆಯೇ ‘ಹೌದು’ ಎಂದುಬಿಡುತ್ತಾರೆ. ಈ ಪ್ರಶ್ನೆಗೆ ಉತ್ತರವು ತಂತಿಯೊಳಗೆ ಇಲ್ಲ. ಯಂತ್ರದ ಮೇಲ್ವಿಚಾರಕರಿಗೆ ದೂರವಾಣಿ ಮಾಡಿಯೋ, ಅವರು ಕೊಟ್ಟ ಕಾಗದವನ್ನು ನೋಡಿಯೋ ಬೆರಳಚ್ಚನ್ನು ಹೋಲಿಸಬೇಕು. ಒಮ್ಮೆ ಒಪ್ಪಿಕೊಂಡ ಕೀಲಿಯನ್ನು ನಮ್ಮ ಗಣಕವು ಬರೆದಿಟ್ಟುಕೊಂಡು ಮುಂದೆ ಪ್ರತಿಸಲವೂ ತಾಳೆನೋಡುತ್ತದೆ.

ಮೂರನೆಯ ಪ್ರಶ್ನೆಯಾದ ಬಳಕೆದಾರನ ಗುರುತಿಗೂ ಇದೇ ತತ್ತ್ವ ಒದಗುತ್ತದೆ. ವಿದ್ಯಾರ್ಥಿಯೂ ಒಂದು ಜೋಡಿ ಕೀಲಿಯನ್ನು ಮಾಡಿಕೊಂಡು ಬಹಿರಂಗ ಕೀಲಿಯನ್ನು ಸರ್ವರಿನಲ್ಲಿ ಇರಿಸಬಹುದು. ಆಗ ಅವನ ರಹಸ್ಯವು ಅವನ ಗಣಕವನ್ನು ಬಿಟ್ಟು ಎಂದೂ ಹೊರಡುವುದಿಲ್ಲ. ಸಹಿ ಮಾತ್ರ ಹೋಗುತ್ತದೆ. ಪಾಸ್‌ವರ್ಡಾದರೋ ಸುಳ್ಳು ಸರ್ವರಿನ ಕೈಗೆ ಸಿಕ್ಕಿದರೆ ಅವನದಾಗಿಯೇ ಉಳಿಯುವುದಿಲ್ಲ.

ನಿರಾಕರಣೆಯ ಭಾಷೆ

ದೂರಪ್ರವೇಶವು ವಿಫಲವಾದಾಗ ಹೊಸಬರು ಗಾಬರಿಯಿಂದ ಸಿಕ್ಕಿದ್ದನ್ನೆಲ್ಲ ಬದಲಾಯಿಸುವುದುಂಟು. ಆದರೆ ಯಂತ್ರದ ಪ್ರತಿಯೊಂದು ನಿರಾಕರಣೆಗೂ ಬೇರೆಬೇರೆ ಅರ್ಥವಿದೆ. ವೈದ್ಯನು ನಾಡಿಯನ್ನು ನೋಡುವಂತೆ ಅದನ್ನು ಓದಬೇಕು.

‘ಹೆಸರು ಪತ್ತೆಯಾಗಲಿಲ್ಲ’ ಎಂದರೆ ವಿಳಾಸವೇ ದೊರೆತಿಲ್ಲ. ಅಕ್ಷರದೋಷವನ್ನೂ ಜಾಲಸಂಪರ್ಕವನ್ನೂ ನೋಡಿ. ‘ಕಾಲಾವಧಿ ಮೀರಿತು’ ಎಂದರೆ ಕೂಗಿಗೆ ಯಾರೂ ಓಗೊಡಲಿಲ್ಲ. ಮಳೆಗಾಲದಲ್ಲಿ ಮರ ಬಿದ್ದು ತಂತಿ ಹರಿದಿರಬಹುದು, ಸರ್ವರು ನಿಂತಿರಬಹುದು, ಅಥವಾ ಕಾವಲಿನ ತಂತ್ರಾಂಶವು ನಮ್ಮ ಕರೆಯನ್ನು ಸದ್ದಿಲ್ಲದೆ ಕೈಬಿಟ್ಟಿರಬಹುದು. ‘ಸಂಪರ್ಕ ನಿರಾಕೃತವಾಯಿತು’ ಎಂದರೆ ಸ್ಥಿತಿ ತೀರ ಬೇರೆ: ಕರೆಗೆ ಉತ್ತರ ಬಂದಿದೆ, ಎಂದರೆ ದಾರಿ ಸಾಮಾನ್ಯವಾಗಿ ಸರಿಯಾಗಿಯೇ ಇದೆ, ಆದರೆ ಆ ಪೋರ್ಟಿನಲ್ಲಿ ಸೇವೆ ನಡೆಯುತ್ತಿಲ್ಲ. ‘ಅನುಮತಿಯಿಲ್ಲ’ ಎಂದರೆ ದಾರಿಯೂ ಸರಿ, ಸೇವೆಯೂ ಸರಿ. ದೋಷ ನಮ್ಮ ಗುರುತಿನಲ್ಲಿದೆ. ಹೆಸರು ತಪ್ಪಿರಬಹುದು, ಬೇರೊಂದು ಕೀಲಿ ಹೋಗಿರಬಹುದು, ಇಲ್ಲವೆ ಕೀಲಿಯ ಕಡತವನ್ನು ಇತರರೂ ಓದಬಹುದಾದಂತೆ ಇಟ್ಟಿರಬಹುದು. ಅಂತಹ ಕೀಲಿಯನ್ನು ತಂತ್ರಾಂಶವೇ ಬಳಸಲೊಪ್ಪುವುದಿಲ್ಲ. ಆಜ್ಞೆಯೊಡನೆ ‘ವಿವರವಾಗಿ ಹೇಳು’ ಎಂಬ ಸೂಚನೆಯನ್ನು ಸೇರಿಸಿದರೆ ಎಷ್ಟು ಹೆಜ್ಜೆಗಳು ಸಾಗಿ ಎಲ್ಲಿ ನಿಂತಿತೆಂಬುದು ತಿಳಿಯುತ್ತದೆ.

‘ಸರ್ವರಿನ ಕೀಲಿ ಬದಲಾಗಿದೆ’ ಎಂಬ ಎಚ್ಚರಿಕೆಯನ್ನು ಮಾತ್ರ ಇವುಗಳ ಸಾಲಿಗೆ ಸೇರಿಸಬಾರದು. ಇದು ಕೆಲಸಕ್ಕೆ ಬಂದ ಅಡ್ಡಿಯಲ್ಲ. ತಂತ್ರಾಂಶವು ಮಾಡಬೇಕಾದ ಕೆಲಸವನ್ನೇ ಮಾಡುತ್ತಿದೆಯೆಂಬುದರ ಕುರುಹು. ಸರ್ವರನ್ನು ಹೊಸದಾಗಿ ಸ್ಥಾಪಿಸಿದಾಗಲೂ ಹೀಗಾಗುತ್ತದೆ. ವಂಚಕನು ನಡುವೆ ಕುಳಿತಾಗಲೂ ಹೀಗೆಯೇ ಆಗುತ್ತದೆ. ಯಾವುದೆಂದು ವಿಚಾರಿಸದೆ ಹಳೆಯ ದಾಖಲೆಯನ್ನು ಅಳಿಸುವುದು, ನಾಯಿ ಬೊಗಳಿತೆಂದು ನಾಯಿಯನ್ನೇ ಅಟ್ಟಿದಂತೆ.

ಸರ್ವರನ್ನು ನೋಡಿಕೊಳ್ಳುವವರಿಗೆ ಇನ್ನೊಂದು ಮಾತು. ದೂರಪ್ರವೇಶದ ನಿಯಮಗಳನ್ನು ದೂರದಿಂದಲೇ ಬದಲಾಯಿಸುವವನು ತಾನು ಕುಳಿತ ಕೊಂಬೆಯನ್ನೇ ಕಡಿಯುತ್ತಿರಬಹುದು. ತೆರೆದಿರುವ ಸಂಪರ್ಕವನ್ನು ಹಾಗೆಯೇ ಇಟ್ಟುಕೊಂಡು, ಮತ್ತೊಂದು ಹೊಸ ಸಂಪರ್ಕದಿಂದ ಪರೀಕ್ಷಿಸಿ, ಅದು ಒಳಗೆ ಬಂದಿತೆಂದು ಕಂಡ ಮೇಲೆಯೇ ಹಳೆಯದನ್ನು ಮುಚ್ಚತಕ್ಕದ್ದು.

ಕಟ್ಟುವವರ ಎಚ್ಚರ

ತಂತ್ರಾಂಶವನ್ನು ಕಟ್ಟುವವರು ಎಡವಿದರೆ ಬಳಸುವವರ ಎಚ್ಚರವೂ ಸಾಲದು. ಇದಕ್ಕೆ ಎರಡು ನಿದರ್ಶನಗಳಿವೆ. ಡೆಬಿಯನ್ ಎಂಬ ಲಿನಕ್ಸ್ ವ್ಯವಸ್ಥೆಯಲ್ಲಿ ೨೦೦೬ರಲ್ಲಿ ಮಾಡಿದ ಸಣ್ಣ ತಿದ್ದುಪಡಿಯೊಂದರಿಂದ ಕೀಲಿಗಳನ್ನು ಹುಟ್ಟಿಸುವ ಯಾದೃಚ್ಛಿಕತೆಯು ಬಹುಮಟ್ಟಿಗೆ ಅಳಿದುಹೋಯಿತು. ಊಹಿಸಲಾಗದಷ್ಟು ಇರಬೇಕಾಗಿದ್ದ ಕೀಲಿಗಳು, ಒಂದು ಬಗೆಯ ಯಂತ್ರಕ್ಕೆ ಒಂದು ಅಳತೆಯಲ್ಲಿ, ೩೨,೭೬೮ಕ್ಕೆ ಇಳಿದುವು. ಗಣಿತ ಸರಿಯಾಗಿತ್ತು, ಮನಸ್ಸಿನಲ್ಲಿಟ್ಟುಕೊಳ್ಳುವ ಸಂಖ್ಯೆಯೇ ಊಹೆಗೆ ಸಿಕ್ಕುವಂತಿದ್ದಿತು. ಕೀಲಿಗಳು ನೋಡಲು ಎಂದಿನಂತೆಯೇ ಇದ್ದುದರಿಂದ ೨೦೦೮ರ ಮೇ ತಿಂಗಳವರೆಗೂ ಇದು ಬೆಳಕಿಗೆ ಬರಲಿಲ್ಲ.

ಎರಡನೆಯದು ೨೦೨೪ರ ಮಾರ್ಚ್ ತಿಂಗಳಿನದು. ಆಂಡ್ರೆಸ್ ಫ್ರಾಯ್ಂಡ್ ಎಂಬ ತಂತ್ರಜ್ಞನಿಗೆ ಎಸ್‌ಎಸ್‌ಎಚ್ ಪ್ರವೇಶಕ್ಕೆ ಸುಮಾರು ಅರ್ಧ ಸೆಕೆಂಡು ಹೆಚ್ಚಾಗಿ ಹಿಡಿಯುತ್ತಿರುವುದು ಕಂಡುಬಂದಿತು. ಅರ್ಧ ಸೆಕೆಂಡು ತಾನೆ ಎಂದು ಅವನು ಬಿಟ್ಟುಬಿಡಲಿಲ್ಲ. ಬೆನ್ನುಹತ್ತಿ ಹೋದಾಗ, ಕಡತಗಳನ್ನು ಕುಗ್ಗಿಸುವ ‘ಎಕ್ಸ್‌ಜೆಡ್’ ಎಂಬ ಬೇರೊಂದು ತಂತ್ರಾಂಶದೊಳಗೆ ಯಾರೋ ಉದ್ದೇಶಪೂರ್ವಕವಾಗಿ ಹಿಂಬಾಗಿಲೊಂದನ್ನು ಅಡಗಿಸಿಟ್ಟಿರುವುದು ಪತ್ತೆಯಾಯಿತು. ಕೆಲವು ಲಿನಕ್ಸ್ ವ್ಯವಸ್ಥೆಗಳಲ್ಲಿ ಎಸ್‌ಎಸ್‌ಎಚ್ ಸೇವೆಯೊಡನೆ ಅದೂ ಸೇರಿಕೊಳ್ಳುತ್ತಿತ್ತು. ಲೋಕದ ಬಹುಪಾಲು ಸರ್ವರುಗಳಿಗೆ ಅದು ಹರಡುವ ಮೊದಲೇ ತಡೆಯುಂಟಾಯಿತು. ಪ್ರಯೋಗಶಾಲೆಯಲ್ಲಿ ಅಳತೆಯು ನಿರೀಕ್ಷೆಗಿಂತ ಕೊಂಚ ಬೇರೆಯಾಗಿ ಬಂದಾಗ ಅದನ್ನು ತಿದ್ದಿ ಬರೆಯಬೇಡಿ ಎಂದು ಅಧ್ಯಾಪಕರು ಹೇಳುವುದೇಕೆಂಬುದು ಇದರಿಂದ ತಿಳಿದೀತು.

ಅಭ್ಯಾಸ

ಓದುಗರು ಮೇಲಿನ ಲೆಕ್ಕವನ್ನು ಗೆಳೆಯನೊಬ್ಬನೊಡನೆ ಮಾಡಿನೋಡಬಹುದು. ೨೯ ಮತ್ತು ೨ನ್ನು ಹಾಗೆಯೇ ಇಟ್ಟುಕೊಂಡು ನಿಮ್ಮ ನಿಮ್ಮ ಗುಟ್ಟಿನ ಸಂಖ್ಯೆಗಳನ್ನು ಆರಿಸಿ, ಶೇಷಗಳನ್ನು ಚೀಟಿಯಲ್ಲಿ ಬರೆದು ಮೂರನೆಯವನೊಬ್ಬನ ಕೈಯಲ್ಲಿ ಕಳುಹಿಸಿ. ಮೊದಲ ಸಲ ಅವನು ಚೀಟಿಗಳನ್ನು ಓದಿ ಮಾತ್ರ ಮುಟ್ಟಿಸಲಿ. ಎರಡನೆಯ ಸಲ ತನ್ನದೇ ಸಂಖ್ಯೆಗಳನ್ನು ಬರೆದು ಚೀಟಿಗಳನ್ನು ಬದಲಾಯಿಸಲಿ. ಎರಡನೆಯ ಸಲ ನಿಮಗೂ ನಿಮ್ಮ ಗೆಳೆಯನಿಗೂ ಬಂದ ಕೀಲಿಗಳು ಒಂದೇ ಆಗಿವೆಯೆ? ಕೇವಲ ಚೀಟಿಗಳನ್ನು ನೋಡಿ ಈ ಮೋಸವನ್ನು ನೀವು ಕಂಡುಹಿಡಿಯಬಲ್ಲಿರಾ? ಕಂಡುಹಿಡಿಯಲು ಚೀಟಿಯಲ್ಲದ ಯಾವ ದಾರಿ ನಿಮಗೆ ಬೇಕಾಯಿತು ಎಂಬುದನ್ನು ಯೋಚಿಸಿ ಬರೆಯಿರಿ.