ಆಂಟಿಬಯೋಟಿಕ್ ಬಳಕೆ: ವಿಭಾಗವಾರು ಲೆಕ್ಕವನ್ನು ಓದುವ ಬಗೆ



ಕುಡಿಯುವ ನೀರಿನ ವಿಷಯದಲ್ಲಿ ನಾವು ಟ್ಯಾಂಕಿನ ಅಳತೆಯನ್ನಷ್ಟೇ ಕೇಳಿ ಸುಮ್ಮನಾಗುವುದಿಲ್ಲ. ತಲಾ ದಿನಕ್ಕೆ 55 ಲೀಟರ್ ದೊರೆಯುತ್ತಿದೆಯೇ ಎಂದು ವಿಚಾರಿಸುತ್ತೇವೆ. ಆಸ್ಪತ್ರೆಯ ಆಂಟಿಬಯೋಟಿಕ್ ಲೆಕ್ಕವನ್ನೂ ಹಾಗೆಯೇ ಓದಬೇಕು. ಎಂಜಿನಿಯರಿಂಗ್ ಓದಿದ ನನಗೆ ಈ ವಿಷಯ ಅರ್ಥವಾದದ್ದೇ ಈ ಹೋಲಿಕೆಯಿಂದ.

ಇದಕ್ಕಾಗಿ ವಿಶ್ವ ಆರೋಗ್ಯ ಸಂಸ್ಥೆಯು ಪ್ರತಿ ಔಷಧಕ್ಕೂ ವಯಸ್ಕರ ಒಂದು ದಿನದ ಪ್ರಮಾಣವನ್ನು ಗೊತ್ತುಪಡಿಸಿದೆ. ಬಾಯಿಯ ಮೂಲಕ ಸೇವಿಸುವ ಅಮಾಕ್ಸಿಸಿಲಿನ್‌ಗೆ ಅದು 1.5 ಗ್ರಾಂ, ಅಂದರೆ 500 ಮಿಲಿಗ್ರಾಂನ ಮೂರು ಕ್ಯಾಪ್ಸೂಲು. ಒಂದು ಕಾಲ್ಪನಿಕ ಉದಾಹರಣೆ: ತಿಂಗಳಲ್ಲಿ ವೈದ್ಯಕೀಯ ವಿಭಾಗವು 900 ಕ್ಯಾಪ್ಸೂಲುಗಳನ್ನೂ ಶಸ್ತ್ರಚಿಕಿತ್ಸಾ ವಿಭಾಗವು 600 ಕ್ಯಾಪ್ಸೂಲುಗಳನ್ನೂ ಬಳಸಿವೆ. ಮೊದಲನೆಯದೇ ಹೆಚ್ಚು ಎಂದು ತೋರುತ್ತದೆ. ಆದರೆ ಅಲ್ಲಿ ರೋಗಿಗಳು ಒಟ್ಟು 600 ಹಾಸಿಗೆ-ದಿನ ಇದ್ದರು. ಎರಡನೆಯದರಲ್ಲಿ 200 ಮಾತ್ರ. 300 ದಿನದ ಪ್ರಮಾಣವನ್ನು 600ಕ್ಕೆ ಹಂಚಿದರೆ ನೂರು ಹಾಸಿಗೆ-ದಿನಕ್ಕೆ 50. 200ನ್ನು 200ಕ್ಕೆ ಹಂಚಿದರೆ 100. ಕಡಿಮೆ ಪಡೆದ ವಿಭಾಗವೇ ಇಮ್ಮಡಿ ಬಳಸಿದೆ! ಮಕ್ಕಳ ವಿಭಾಗಕ್ಕೆ ಈ ಅಳತೆಯು ಹೊಂದುವುದಿಲ್ಲ. ಮಕ್ಕಳ ಪ್ರಮಾಣವು ತೂಕವನ್ನು ಅನುಸರಿಸುತ್ತದೆ.

ಯಾವ ಔಷಧ ಎಂಬುದೂ ಮುಖ್ಯ. 2017ರಿಂದ ಇವನ್ನು ಮೂರು ಗುಂಪುಗಳಾಗಿ ವಿಂಗಡಿಸಲಾಗಿದೆ: ಮೊದಲ ಆಯ್ಕೆಯ ಅಮಾಕ್ಸಿಸಿಲಿನ್‌ನಂಥವು, ಎಚ್ಚರದಿಂದ ಬಳಸಬೇಕಾದ ಸೆಫ್ಟ್ರಿಯಾಕ್ಸೋನ್‌ನಂಥವು, ಕೊನೆಯ ಆಸರೆಯಾಗಿ ಕಾಯ್ದಿರಿಸಿದ ಕೊಲಿಸ್ಟಿನ್‌ನಂಥವು. ತೀವ್ರ ನಿಗಾ ಘಟಕದಲ್ಲಿ ಎರಡನೆಯ ಗುಂಪು ಹೆಚ್ಚಿರುವುದು ಸಹಜ. ಸಾಮಾನ್ಯ ವಾರ್ಡಿನಲ್ಲಿ ತಿಂಗಳಿಂದ ತಿಂಗಳಿಗೆ ಏರಿದರೆ ಕಾರಣ ಕೇಳಬೇಕು.

ಇದು ವೈದ್ಯರ ಕೆಲಸವಲ್ಲವೇ ಎನ್ನಬಹುದು. ನಗರದ ಪಶ್ಚಿಮ ಭಾಗದ ಕೊಳಚೆಯನ್ನು ಹೊತ್ತ ವೃಷಭಾವತಿಯು ಕೆಂಗೇರಿಯನ್ನು ಹಾದು ಬೈರಮಂಗಲ ಕೆರೆಗೆ ಸೇರುತ್ತದೆ. ಆ ನೀರಿನಿಂದ ರೈತರು ಬೆಳೆ ತೆಗೆಯುತ್ತಾರೆ. ಸೇವಿಸಿದ ಔಷಧದ ಒಂದು ಪಾಲು ಮಲಮೂತ್ರದೊಡನೆ ಇಂಥ ಕೊಳಚೆಗೇ ಇಳಿಯುತ್ತದೆ. ಔಷಧಕ್ಕೆ ಜಗ್ಗದ ರೋಗಾಣುವಿಗೆ ವಾರ್ಡಿನ ಗೋಡೆಯಾಗಲಿ, ಪಂಚಾಯಿತಿಯ ಗಡಿಯಾಗಲಿ ಅಡ್ಡಿಯಲ್ಲ. ಬಾಣಂತಿಯ ಸೋಂಕಿಗೆ ಅಗ್ಗದ ಔಷಧವು ನಾಟದಿದ್ದರೆ ಆ ಮನೆಯವರು ಸಾಲಕ್ಕೆ ಬೀಳುತ್ತಾರೆ.

ಆರೋಗ್ಯ ರಕ್ಷಾ ಸಮಿತಿಯಲ್ಲಿರುವ ಸದಸ್ಯರು ಸಭೆಯಲ್ಲಿ ದಾಸ್ತಾನು ವಹಿಯೊಡನೆ ಹಾಸಿಗೆ-ದಿನಗಳ ಸಂಖ್ಯೆಯನ್ನೂ ಕೇಳಿ ಪಡೆಯತಕ್ಕದ್ದು. ಒಳರೋಗಿಗಳಿಲ್ಲದ ಕೇಂದ್ರವಾದರೆ, ನೂರು ಹೊರರೋಗಿಗಳಲ್ಲಿ ಎಷ್ಟು ಮಂದಿಗೆ ಆಂಟಿಬಯೋಟಿಕ್ ಬರೆಯಲಾಯಿತು ಎಂದು ಕೇಳಿದರೆ ಸಾಕು. ಇಂಥ ರೋಗಿಗೆ ಇಂಥ ಔಷಧವನ್ನು ಏಕೆ ಕೊಟ್ಟಿರಿ ಎಂಬ ಪ್ರಶ್ನೆ ನಮ್ಮದಲ್ಲ, ಅದನ್ನು ಕೇಳಕೂಡದು. ಔಷಧ ಅಂಗಡಿಗಳಲ್ಲಿ ಶೆಡ್ಯೂಲ್ ಎಚ್1ರ ಔಷಧಗಳ ಮಾರಾಟಕ್ಕೆ 2014ರ ಮಾರ್ಚ್ 1ರಿಂದ ಪ್ರತ್ಯೇಕ ವಹಿ ಕಡ್ಡಾಯವಾಗಿದ್ದು, ಅದನ್ನು ಮೂರು ವರ್ಷ ಕಾಯ್ದಿಡಬೇಕು. ಚೀಟಿಯಿಲ್ಲದೆ ಮಾರುತ್ತಿರುವುದು ಗಮನಕ್ಕೆ ಬಂದಲ್ಲಿ ಔಷಧ ನಿಯಂತ್ರಣ ಅಧಿಕಾರಿಗಳಿಗೆ ಲಿಖಿತವಾಗಿ ತಿಳಿಸಬಹುದು.