ಕಲ್ಲು ಕಟ್ಟುವ ನೀರು

ಧುಮುಕುವ ನೀರು ಬಂಡೆಯನ್ನು ಸವೆಸುತ್ತದೆಂಬುದು ಎಲ್ಲರೂ ಬಲ್ಲ ಸಂಗತಿ. ನೀರು ಬಿದ್ದಲ್ಲಿಯೇ ಕಲ್ಲು ಬೆಳೆಯುವುದೂ ಉಂಟೆಂದರೆ ವಿಚಿತ್ರವೆನಿಸೀತು. ಯುರೋಪಿನ ಕ್ರೊಯೇಷಿಯ ದೇಶದ ಪ್ಲಿಟ್ವಿಟ್ಸೆ ಕಾಡಿನಲ್ಲಿ ಈ ಕ್ರಿಯೆ ಸಾವಿರಾರು ವರ್ಷಗಳಿಂದ ನಡೆದಿದೆ. ಅಲ್ಲಿ 16 ಸರೋವರಗಳು ಮೆಟ್ಟಿಲುಗಳಂತೆ ಒಂದರ ಕೆಳಗೊಂದು ಇದ್ದು, ಮೇಲಿನದರ ನೀರು ಜಲಪಾತವಾಗಿ ಕೆಳಗಿನದಕ್ಕೆ ಇಳಿಯುತ್ತದೆ. 1949ರಲ್ಲಿ ರಾಷ್ಟ್ರೀಯ ಉದ್ಯಾನವಾದ ಈ ಪ್ರದೇಶ 1979ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು.

ಚಳಿಗಾಲದಲ್ಲಿ ಮಾರ್ಗದರ್ಶಕರೊಡನೆ ಇಲ್ಲಿ ನಡೆಯುವವರಿಗೆ ನೆಲದ ರಚನೆ ಚೆನ್ನಾಗಿ ಗೋಚರವಾಗುತ್ತದೆ. ಬೀಚ್ ಮರಗಳು ಎಲೆಯುದುರಿಸಿ ನಿಂತಿರುತ್ತವೆ. ಸರೋವರಗಳ ನಡುವಣ ತಡೆಗೋಡೆಗಳು ಮರೆಯಿಲ್ಲದೆ ಕಾಣುತ್ತವೆ. ಈ ಗೋಡೆಗಳನ್ನು ಕಟ್ಟಿದವರಾರು?

ಮಳೆಯ ನೀರು ಗಾಳಿಯಿಂದಲೂ ಮಣ್ಣಿನಿಂದಲೂ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು ಸೌಮ್ಯವಾದ ಆಮ್ಲವಾಗುತ್ತದೆ. ಅದು ಸುಣ್ಣಕಲ್ಲನ್ನು ಕರಗಿಸಿ, ಕ್ಯಾಲ್ಸಿಯಂ ಬೈಕಾರ್ಬೊನೇಟಿನ ರೂಪದಲ್ಲಿ ಹೊತ್ತು ತರುತ್ತದೆ. ಗೋಲಿಸೋಡದ ಸೀಸೆಯನ್ನು ಕುಲುಕಿ ತೆರೆದರೆ ಅನಿಲ ಹೊರಚಿಮ್ಮುವುದಷ್ಟೆ? ಹಾಗೆಯೇ ನೀರು ಧುಮುಕಿ ಚದುರಿದಾಗ ಅದರೊಳಗಿನ ಅನಿಲ ಹೊರಹೋಗುತ್ತದೆ. ಕರಗಿದ್ದ ಸುಣ್ಣ ಕ್ಯಾಲ್ಸಿಯಂ ಕಾರ್ಬೊನೇಟಿನ ಹರಳುಗಳಾಗಿ ಬೇರ್ಪಡುತ್ತದೆ. ಗಡಸುನೀರು ಕಾಯಿಸುವ ಹಂಡೆಯ ಒಳಮೈಯಲ್ಲಿ ಕಟ್ಟುವ ಬಿಳಿಯ ಪೊರೆಯೂ ಇದೇ ವಸ್ತು.

ಹರಳುಗಳಿಗೆ ನೆಲೆಯಾಗುವುದು ಪಾಚಿ, ಹಾವಸೆ ಮತ್ತು ಬ್ಯಾಕ್ಟೀರಿಯಗಳು. ಅವುಗಳ ಅಂಟಿನಲ್ಲಿ ಹರಳುಗಳು ಸಿಕ್ಕಿಕೊಳ್ಳುತ್ತವೆ. ಹಾವಸೆಯ ಬುಡ ಕಲ್ಲಾಗುತ್ತದೆ, ತುದಿ ಮೇಲಕ್ಕೆ ಬೆಳೆಯುತ್ತದೆ. ಅನುಕೂಲ ಪರಿಸ್ಥಿತಿಯಲ್ಲಿ ವರ್ಷಕ್ಕೆ ಸುಮಾರು 1 ಸೆಂಟಿಮೀಟರಿನಷ್ಟು ಗೋಡೆ ಏರುತ್ತದೆ. ಅದರ ಹಿಂದೆ ನೀರು ನಿಂತು ಸರೋವರವಾಗುತ್ತದೆ. ಆದುದರಿಂದ ಇಲ್ಲಿ ಜಲಪಾತವೇ ಸರೋವರಕ್ಕೆ ಕಾರಣವೆನ್ನಬಹುದು. 78 ಮೀಟರ್ ಎತ್ತರದ ವೆಲಿಕಿ ಸ್ಲಾಪ್ ಮಾತ್ರ ಇದಕ್ಕೆ ಹೊರತು. ಅದು ಪಕ್ಕದ ತೊರೆಯೊಂದು ಸುಣ್ಣಕಲ್ಲಿನ ಕಡಿದಾದ ಬಂಡೆಯಿಂದ ಬೀಳುವ ಜಲಪಾತ.

ಚಳಿಯಲ್ಲಿ ಈ ಕಟ್ಟಡದ ಕೆಲಸ ನಿಧಾನವಾಗುತ್ತದೆ. ತಣ್ಣನೆಯ ನೀರು ಅನಿಲವನ್ನು ಹೆಚ್ಚಾಗಿ ಹಿಡಿದಿಟ್ಟುಕೊಳ್ಳುತ್ತದೆ. ಜೀವಿಗಳ ಚಟುವಟಿಕೆಯೂ ಕುಗ್ಗುತ್ತದೆ. ಕಡುಚಳಿಯಲ್ಲಿ ಸರೋವರದ ಮೇಲ್ಮೈ ಹೆಪ್ಪುಗಟ್ಟುವುದುಂಟು. ನೀರಿನ ಸಾಂದ್ರತೆ ಸುಮಾರು 4 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅತ್ಯಧಿಕ. ಅದಕ್ಕೂ ತಣ್ಣಗಾದ ನೀರು ಹಗುರವಾಗಿ ಮೇಲೆ ನಿಂತು ಮಂಜುಗಡ್ಡೆಯಾಗುತ್ತದೆ. ಅದರಡಿಯ ನೀರಿನಲ್ಲಿ ಮೀನುಗಳು ಬದುಕಿರುತ್ತವೆ. ಜಲಪಾತದ ಬಳಿ ನೀರು ಸದಾ ಕಲಕುವುದರಿಂದ ಮಂಜಿನ ಹೊದಿಕೆ ತೆಳುವು. ದಡದಿಂದ ಗಟ್ಟಿಯಾಗಿ ಕಂಡರೂ ಅದರ ಮೇಲೆ ಕಾಲಿಡುವುದು ಪ್ರಾಣಾಪಾಯಕರ.

ಹಲಗೆಯ ಕಾಲುದಾರಿಯನ್ನು ಬಿಡಬಾರದೆಂಬ ನಿಯಮಕ್ಕೆ ಇನ್ನೊಂದು ಕಾರಣವೂ ಇದೆ. ಈ ಕಲ್ಲು ರಂಧ್ರಮಯವಾದುದು, ಸುಲಭವಾಗಿ ಮುರಿಯುವಂಥದು. ಹತ್ತಾರು ವರ್ಷಗಳಲ್ಲಿ ಬೆಳೆದುದನ್ನು ಒಂದು ಹೆಜ್ಜೆ ಕೆಡಿಸಬಲ್ಲುದು. ನೀರಿಗೆ ಕೊಳಚೆ ಸೇರಿದರೂ ಅಪಾಯವೇ. ಕರಗಿದ ಸಾವಯವ ವಸ್ತು ಹೆಚ್ಚಾದರೆ ಹರಳುಗಟ್ಟುವ ಕ್ರಿಯೆಗೇ ಅಡ್ಡಿಯಾಗುತ್ತದೆ. ಗೋಡೆ ಕುಸಿದರೆ ಸರೋವರವೂ ಉಳಿಯದು.

ವಿದ್ಯಾರ್ಥಿಗಳು ಇದರ ರಸಾಯನವನ್ನು ಪ್ರಯೋಗಶಾಲೆಯಲ್ಲಿ ಪರೀಕ್ಷಿಸಬಹುದು. ಪ್ರನಾಳದಲ್ಲಿ ಸುಣ್ಣದ ತಿಳಿನೀರನ್ನು ತೆಗೆದುಕೊಂಡು ಇಂಗಾಲದ ಡೈಆಕ್ಸೈಡನ್ನು ಹಾಯಿಸಿರಿ. ನೀರು ಹಾಲಿನಂತಾಗುವುದು. ಅನಿಲವನ್ನು ಇನ್ನೂ ಹಾಯಿಸಿದರೆ ಮತ್ತೆ ತಿಳಿಯಾಗುವುದು. ಬಂಡೆ ಕರಗುವ ಬಗೆ ಇದು. ಈಗ ಅದನ್ನು ಮೆಲ್ಲಗೆ ಕಾಯಿಸಿರಿ. ಅನಿಲ ಹೊರಟುಹೋಗಿ ಬಿಳಿಯ ಬಣ್ಣ ಮರಳುವುದು. ಪ್ಲಿಟ್ವಿಟ್ಸೆಯ ಜಲಪಾತಗಳು ಬೆಂಕಿಯಿಲ್ಲದೆ ಮಾಡುವ ಕೆಲಸವೂ ಇದೇ.