ಸಾಸ್ ಬಾಟಲಿಗಿಂತ ಶೇಂಗಾ ಡಬ್ಬ ನೋಡಿ

ಸಾಸ್ ಬಾಟಲಿಯ ಮೇಲೆ 211 ಎಂದು ಓದಿ, ಹೆದರಿ ಎಸೆದೆ ಎಂದು ಬರೆದಿದ್ದೀರಿ. ಎಸೆಯಬೇಕಿರಲಿಲ್ಲ. ಅದು ಸೋಡಿಯಂ ಬೆಂಜೊಯೇಟ್, ಬೂಸ್ಟು ಬರದಂತೆ ತಡೆಯುವ ಸಂರಕ್ಷಕ. ಇಂಥವನ್ನು ಪ್ರಾಣಿಗಳಿಗೆ ಕೊಟ್ಟು ನೋಡಿ, ಯಾವ ಪ್ರಮಾಣದವರೆಗೆ ತೊಂದರೆ ಕಾಣುವುದಿಲ್ಲವೋ ಸಾಮಾನ್ಯವಾಗಿ ಅದರ ನೂರನೇ ಒಂದು ಪಾಲನ್ನು ಮನುಷ್ಯರ ದಿನದ ಮಿತಿಯಾಗಿ ಇಡುತ್ತಾರೆ. ಆ ಮಿತಿ ದೇಹದ ತೂಕಕ್ಕೆ ತಕ್ಕಂತೆ. ಹಾಗಾಗಿ ನಿಮ್ಮ ಮಗನಿಗೆ ಸಾಸ್ ಒಂದು ಚಮಚ ಸಾಕು, ಬಟ್ಟಲುಗಟ್ಟಲೆ ಬೇಡ.

ಆದರೆ ಕೆಲವರು ಗೋಬಿ, ಮಿಠಾಯಿಗೆ ಹಾಕುವ ರೋಡಮೈನ್-ಬಿ ಮಾತೇ ಬೇರೆ. ಅದು ಬಟ್ಟೆಯ ಬಣ್ಣ. ಆಹಾರದಲ್ಲಿ ಚಿಟಿಕೆಯಷ್ಟೂ ಸಲ್ಲದು. ಕರ್ನಾಟಕದಲ್ಲಿ ಪರೀಕ್ಷಿಸಿದ 171 ಗೋಬಿ ಮಂಚೂರಿ ಮಾದರಿಗಳಲ್ಲಿ 107 ಅಸುರಕ್ಷಿತ ಎಂದು ಬಂದ ಮೇಲೆಯೇ ಸರ್ಕಾರ 2024ರ ಮಾರ್ಚ್‌ನಲ್ಲಿ ಅದಕ್ಕೆ ಕೃತಕ ಬಣ್ಣ ಹಾಕುವುದನ್ನು ನಿಷೇಧಿಸಿತು. ಕಡುಗೆಂಪು ಗೋಬಿ, ಮಿರಮಿರ ಮಿಂಚುವ ಗುಲಾಬಿ ಬಾಂಬೆ ಮಿಠಾಯಿ ಕೊಡಿಸಲೇಬೇಡಿ.

ನನಗೆ ನಿಜಕ್ಕೂ ಆತಂಕವಾದದ್ದು ನಿಮ್ಮ ಪತ್ರದ ಕೊನೆಯ ಸಾಲು: ಮುಗ್ಗಲು ವಾಸನೆ ಬಂದ ಶೇಂಗಾವನ್ನು ಹುರಿದು ಚಟ್ನಿಪುಡಿ ಮಾಡಿದ್ದೀರಿ. ಬೂಸ್ಟಿನಿಂದ ಹುಟ್ಟುವ ಅಫ್ಲಟಾಕ್ಸಿನ್ ಯಕೃತ್ತಿನ ಕ್ಯಾನ್ಸರ್‌ಗೆ ಕಾರಣವಾಗಬಲ್ಲದು, ಹುರಿದರೂ ಪೂರ್ತಿ ನಾಶವಾಗದು. ಪುಡಿಯನ್ನು ಯಾರೇ ಮಾಡಿರಲಿ, ಮನೆಯದೇ ಇರಲಿ, ವಿಷ ವಿಷವೇ. ಆ ಪುಡಿಯನ್ನು ದಯವಿಟ್ಟು ಚೆಲ್ಲಿಬಿಡಿ. ಇನ್ನು ಮುಂದೆ ಶೇಂಗಾ ಸ್ವಲ್ಪ ಸ್ವಲ್ಪವೇ ತನ್ನಿ. ಸುಕ್ಕಿದ್ದು, ಕಪ್ಪಾದದ್ದು, ಕಹಿಯಾದದ್ದನ್ನು ಆರಿಸಿ ತೆಗೆದು, ಉಳಿದದ್ದನ್ನು ಚೆನ್ನಾಗಿ ಒಣಗಿಸಿ, ತೇವ ತಾಗದ ಡಬ್ಬದಲ್ಲಿಡಿ. ಮಳೆಗಾಲದಲ್ಲಂತೂ ವಾರಕ್ಕೊಮ್ಮೆ ಮುಚ್ಚಳ ತೆಗೆದು ಮೂಸಿ ನೋಡಿ.